ಹೆಚ್ಚೈತೆ

ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು,
ಕೆಡುವ ಹಿಂದಿನ ದಿನ ಒಂದು ಗಂಟೆಯ ಸದ್ದು.
ಅಡುಗೆಮನೆ ಇಷ್ಟೇ ಅಂದುಕೊಂಡಿದ್ದೆ
ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೂತು,
ಕರೆಂಟು ಹೋದಾಗ ಕಿಟಕಿಯಾಚೆ
ಅಂತರಗಂಗೆ ಬೆಟ್ಟದ ಬಂಡೆ ಎಣಿಸುತ್ತ.

ಪರೀಕ್ಷೆ ಮಾಡಲು ಸಿಕ್ಕಿದ್ದು ಪಿಳ್ಳಮ್ಮನ ಮೆಸ್ಸು,
ಕೋಲಾರದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ.
ಹನ್ನೊಂದು ಬೆಂಚು, ನಲವತ್ತು ಊಟ,
ಫ್ರಿಜ್ಜಿನೊಳಗೆ ಕನಕಾಂಬರದ ದಿಂಡು ಮಾತ್ರ.
"ಬರೆಯೋಕೆ ಬರಲ್ಲ ತಸ್ಮೀ, ಬಾಯಿ ಐತೆ" ಅಂದಳು.
ಸರಿ, ಮೈಕಿನ ಗುಂಡಿ ಇಟ್ಟುಕೊಟ್ಟೆ.

ನನ್ನ ಕಲಮಿನಲ್ಲಿ ಗ್ರಾಂ, ಕೇಜಿ, ಲೀಟರು.
ಅವಳ ಬಾಯಲ್ಲಿ ಪಾವು, ಅಚ್ಚೇರು, ಒಂದು ಹಿಡಿ,
ಮಂಡಿ ಹಮಾಲರು ಬಂದರೆ ಇನ್ನೊಂಚೂರು.
ಕೆಡುವ ದಿನಾಂಕ ಕೇಳಿದ್ದಕ್ಕೆ
ಸೌಟು ಕೆಳಗಿಟ್ಟು ನಕ್ಕಳು.
"ಬಸ್ಸಾರಿಗೆ ತಾರೀಖಾ?
ನೆನ್ನೇದು ಇವತ್ತು ರುಚಿ, ಇವತ್ತಿಂದು ನಾಳೆ ರುಚಿ,
ನಾಳಿದ್ದು ಮೂಗು ಹೇಳ್ತದೆ."
ಮೂಗಿಗೊಂದು ಕಲಮು ಮಾಡುವುದು ಹೇಗೆ?
ಹಸಿರಿಗೂ ಕೆಂಪಿಗೂ ನಡುವೆ
ತಂಗಳಿಗೊಂದು ಬಣ್ಣ ಹುಡುಕುತ್ತ ವಾರ ಕಳೆಯಿತು.
ಹುಣಸೆ ಕಿವುಚಿದ ನೀರಿನಂಥದನ್ನು
ಕೊನೆಗೆ ಒಪ್ಪಿದಳು.

ಮಂಗಳವಾರ ಬೆಳಗ್ಗೆ ಆರಕ್ಕೇ ಫೋನು:
"ನಿನ್ನ ಆಪು ಸುಳ್ಳು ಹೇಳ್ತೈತೆ."

ರಾತ್ರಿ ಅವಳು ಹೇಳಿದ್ದಳಂತೆ, "ಅಕ್ಕಿ ಹೆಚ್ಚೈತೆ."
ಆಪು ಕೇಳಿಸಿಕೊಂಡಿತ್ತು. ಹಸಿರು ಗುರುತು ಹಾಕಿ
ಅಂಗಡಿಯ ಚೀಟಿಯಿಂದ ಅಕ್ಕಿಯನ್ನು ಅಳಿಸಿ
ವ್ಯರ್ಥ ಮಾಡಬೇಡಿ ಎಂದು ಬುದ್ಧಿ ಹೇಳಿ
ಪುಳಿಯೋಗರೆ, ಚಿತ್ರಾನ್ನ, ಇಡ್ಲಿ ಅಂತ
ಹದಿನಾಲ್ಕು ಅಡುಗೆ ತೋರಿಸುತ್ತ ಕೂತಿತ್ತು
ತಳ ಕಾಣುವ ಡ್ರಮ್ಮಿನ ಪಕ್ಕ.
ಈರುಳ್ಳಿ ಹೆಚ್ಚಿದೀನಿ ಅಂದಾಗಲೂ ಅಷ್ಟೇ,
ಈಳಿಗೆಯ ಮುಂದೆ ಈರುಳ್ಳಿ ದಾಸ್ತಾನು ಏರಿಸಿತ್ತು.
ನಿಜಕ್ಕೂ ಹೆಚ್ಚಿದ್ದು ಟೊಮ್ಯಾಟೊ ಒಂದೇ:
ಮಂಡಿಯಲ್ಲಿ ರೇಟು ಬಿದ್ದು
ಯಾರೋ ಎರಡು ಬಾಕ್ಸು ಬಾಗಿಲಲ್ಲಿಟ್ಟು ಹೋಗಿದ್ದರು.
ಅದನ್ನು ಅವಳು ಹೇಳಿರಲೇ ಇಲ್ಲ.

"ಅಕ್ಕಿ ಇಲ್ಲ ಅಂತ ಯಾರಾದ್ರೂ ಬಾಯಲ್ಲಿ ಆಡ್ತಾರಾ?
ಡ್ರಮ್ಮು ಕೇಳಿಸ್ಕೊಂಡ್ರೆ?
ದೀಪ ಆರಿಸು ಅಂತಾರಾ, ದೊಡ್ಡದು ಮಾಡು ಅಂತಾರಾ?"

ನಮ್ಮ ಮನೆಮಾತು ದಖನಿ, ನನಗೇನು ಗೊತ್ತು
ಅಂತ ನಗುತ್ತ ಅಮ್ಮಿಗೆ ಹೇಳಿದೆ ಸಂಜೆ.
ಅಮ್ಮಿ ಡಬ್ಬಿಯ ತಳ ಕೆರೆಯುತ್ತ, ತಲೆಯೆತ್ತದೆ,
"ಹಿಟ್ಟು ಬರ್ಕತ್, ಅಂಗಡಿಗೆ ಹೋಗಿ ಬಾ" ಅಂದಳು.
ಹದಿನೈದು ವರ್ಷದಿಂದ ಆ ಮಾತಿಗೆ
ಚೀಲ ಹಿಡಿದು ಹೊರಟವಳು ನಾನು.
ಬರ್ಕತ್ ಅಂದರೆ ಸಮೃದ್ಧಿ ಅಂತ
ಅವತ್ತು ದಾರಿಯಲ್ಲಿ ನೆನಪಾಯಿತು.

ಇನ್ನೊಮ್ಮೆ ಬರೆದೆ. ಹೆಚ್ಚೈತೆ ಅಂದರೆ
"ಏರಿದೆಯೋ, ಮುಗಿದಿದೆಯೋ?" ಎಂದು ಆಪು ಕೇಳಲಿ.
ಪಿಳ್ಳಮ್ಮ ಬೈದಳು:
ಯಾವ ಮಾತು ಆಡಬಾರದೋ
ಅದನ್ನೇ ಆಡಿಸುತ್ತೀಯಲ್ಲ.

ಆಮೇಲೆ ಅವಳೇ ದಾರಿ ತೋರಿದಳು, ಗೊತ್ತಿಲ್ಲದೆ:
ಹಾದುಹೋಗುವಾಗ ಬೆರಳ ಗೆಣ್ಣಿಂದ
ಡ್ರಮ್ಮನ್ನು ಒಮ್ಮೆ ತಟ್ಟಿದಳು.
ತುಂಬಿದ್ದು ದಪ್ಪಗೆ ಗುದ್ದಿಸಿಕೊಳ್ಳುತ್ತದೆ.
ಬರಿದಾದದ್ದು ಹಾಡುತ್ತದೆ.
ಮೈಕು ಹೇಗೂ ಇತ್ತು.
ಈಗ ಅವಳು ತಟ್ಟುತ್ತಾಳೆ, ಆಪು ಆಲಿಸುತ್ತದೆ,
ಅಂಗಡಿಯ ಚೀಟಿಗೆ ಅಕ್ಕಿ ತಾನಾಗಿ ಸೇರುತ್ತದೆ.
ಇಲ್ಲ ಎಂಬ ಪದವನ್ನು ಎಲ್ಲ ಪರದೆಯಿಂದ ತೆಗೆದೆ.
ಸೊನ್ನೆ ಎಲ್ಲಿ ಎಂದು ಕೇಳಿ
ಪರೀಕ್ಷಕರು ಎಂಟು ಅಂಕ ಕಳೆದರು.

ತಿಂಗಳಾಯಿತು. ಅನ್ನ ಚೆಲ್ಲುವುದು ಅರ್ಧಕ್ಕಿಳಿದಿದೆ,
ನನ್ನ ನಕ್ಷೆಯ ಗೆರೆ ಚೆಂದವಾಗಿ ಬಾಗಿದೆ.
ನಿನ್ನೆ ಮೆಸ್ಸಿನ ಹಿಂಬಾಗಿಲಲ್ಲಿ
ಕಲಗಚ್ಚಿನ ಬಕೇಟು ಎತ್ತಿ ನೋಡಿ
ಎಮ್ಮೆ ಸಾಕುವ ಗುರ್ರಮ್ಮ ಕೇಳಿದಳು,
"ಏನು ಪಿಳ್ಳಮ್ಮ, ಜನ ಕಮ್ಮೀನಾ?
ಎಮ್ಮೆ ಒಂದು ಲೀಟರು ಇಳಿಸೈತೆ."
ಪಿಳ್ಳಮ್ಮ ನನ್ನ ಕಡೆ ನೋಡಿದಳು.
ನಾನು ಫೋನಿನ ಕಡೆ.